ಹಳೇ ರಿಮೋಟ್‌ಗೆ ಲಿನಕ್ಸ್‌ನಲ್ಲಿ ಹೊಸ ಕೆಲಸ

ಈ ವಾರದ ವಿಡಿಯೋದ ಬರಹ ರೂಪ ಇದು. ಕಮಾಂಡ್‌ಗಳ ಸ್ಪೆಲ್ಲಿಂಗ್ ವಿಡಿಯೋದಲ್ಲಿ ನೋಡ್ಕೊಳ್ಳಿ.

ಟಿವಿಗೆ ರಾಸ್ಪ್‌ಬೆರಿ ಪೈ ಹಾಕಿ ಕೋಡಿ ಓಡಿಸೋರು ನಮ್ಮಲ್ಲಿ ತುಂಬ ಜನ. ಊರಿಂದ ಅಪ್ಪ-ಅಮ್ಮ ಬಂದಾಗ, ನಾವು ಆಫೀಸಿಗೆ ಹೋದ ಮೇಲೆ ಅವರು ಮೌಸ್ ಹಿಡ್ಕೊಂಡು ಒದ್ದಾಡ್ತಾರೆ. ಅವರ ಕೈ ಪಳಗಿರೋದು ರಿಮೋಟ್‌ಗೆ. ಮೂಲೆಯಲ್ಲಿ ಬಿದ್ದಿರೋ ಹಳೇ ಸೆಟ್‌-ಟಾಪ್ ಬಾಕ್ಸ್ ರಿಮೋಟ್ ಇದಕ್ಕೆ ಸಾಕು.

ರಿಮೋಟ್ ಹೇಗೆ ಮಾತಾಡುತ್ತೆ?

ಬಟನ್ ಒತ್ತಿದಾಗ ಅದರ ಎಲ್‌ಇಡಿ ಸೆಕೆಂಡಿಗೆ ಸುಮಾರು 38,000 ಸಲ ಮಿನುಗುತ್ತೆ. ಬಿಸಿಲು, ಟ್ಯೂಬ್‌ಲೈಟ್ ಬೆಳಕಿನಿಂದ ಸಿಗ್ನಲನ್ನ ಬೇರೆ ಮಾಡೋಕೆ ಈ ವೇಗ. ಎನ್‌ಇಸಿ ಪ್ರೋಟೋಕಾಲ್‌ನಲ್ಲಿ ಮೊದಲು 9 ಮಿಲಿಸೆಕೆಂಡ್ ಮಿನುಗು, 4.5 ಮಿಲಿಸೆಕೆಂಡ್ ಮೌನ, ಆಮೇಲೆ 32 ಬಿಟ್. ನಡುವಿನ ಮೌನ ಚಿಕ್ಕದಾದ್ರೆ 0, ಉದ್ದ ಆದ್ರೆ 1. ಅಷ್ಟೇ ಭಾಷೆ.

ರಿಮೋಟ್ ಬದುಕಿದೆಯಾ ಅಂತ ನೋಡೋಕೆ ಮೊಬೈಲಿನ ಸೆಲ್ಫಿ ಕ್ಯಾಮೆರಾ ಮುಂದೆ ಬಟನ್ ಒತ್ತಿ. ಸಾಮಾನ್ಯವಾಗಿ ಎಲ್‌ಇಡಿ ಬೆಳಗೋದು ಕಾಣುತ್ತೆ.

ರಿಸೀವರ್ ಕೊಳ್ಳೋವಾಗ ಹುಷಾರು

ಲ್ಯಾಮಿಂಗ್ಟನ್ ರೋಡ್, ರಿಚಿ ಸ್ಟ್ರೀಟ್ ಕಡೆ ಹೋದ್ರೆ ಟಿಎಸ್‌ಒಪಿ38238 ಅಂತಲೇ ಕೇಳಿ. ಹಳೇ 1738 ನಡೆಯೋದು 5 ವೋಲ್ಟ್‌ನಲ್ಲಿ. ಪೈ ಪಿನ್ ತಡೆಯೋದು 3.3 ಮಾತ್ರ. ಎರಡರ ಕಾಲುಗಳ ಕ್ರಮವೂ ಬೇರೆ. ಲ್ಯಾಪ್‌ಟಾಪ್ ಆದ್ರೆ ಯುಎಸ್‌ಬಿ ರಿಸೀವರ್ ತಗೊಳ್ಳಿ.

ಸಾಫ್ಟ್‌ವೇರ್

ಹಿಂದೆ ಎಲ್ಲಕ್ಕೂ ಲಿರ್ಕ್ ಬೇಕಿತ್ತು. ಈಗ ಎನ್‌ಇಸಿ, ಆರ್‌ಸಿ-5 ತರದ್ದನ್ನ ಕರ್ನಲ್ಲೇ ಓದುತ್ತೆ. ಪೈ ಕಾನ್ಫಿಗ್ ಫೈಲ್‌ನಲ್ಲಿ ಜಿಪಿಐಒ-ಐಆರ್ ಓವರ್‌ಲೇ ಸೇರಿಸಿ, ರೀಬೂಟ್ ಮಾಡಿ, ಐಆರ್-ಕೀಟೇಬಲ್ ಟೆಸ್ಟ್ ಮೋಡ್‌ನಲ್ಲಿ ಎಲ್ಲ ಪ್ರೋಟೋಕಾಲ್ ಆನ್ ಮಾಡಿ. ಒಂದೊಂದೇ ಬಟನ್ ಒತ್ತಿ, ಬರೋ ಸ್ಕ್ಯಾನ್‌ಕೋಡ್ ಬರ್ಕೊಳ್ಳಿ. ಏನೂ ಬರಲಿಲ್ಲವಾ? ಐಆರ್-ಸಿಟಿಎಲ್‌ನಲ್ಲಿ ಕಚ್ಚಾ ಪಲ್ಸ್ ನೋಡಿ. ಅಲ್ಲಿ ಪಲ್ಸ್ ಬರ್ತಾ ಇದ್ರೆ ವೈರಿಂಗ್ ಸರಿಯಿದೆ, ಪ್ರೋಟೋಕಾಲ್ ಬೇರೆ ಅಂತರ್ಥ.

ಯಾವ ಕೋಡ್‌ಗೆ ಯಾವ ಕೀ ಅಂತ ಟಾಮ್ಲ್ ಫೈಲ್‌ನಲ್ಲಿ ಬರೆದು ಲೋಡ್ ಮಾಡಿ. ಬೂಟ್ ಆದಾಗಲೆಲ್ಲ ತಾನಾಗೇ ಬರೋಕೆ ಆರ್‌ಸಿ-ಮ್ಯಾಪ್ಸ್ ಕಾನ್ಫಿಗ್‌ನಲ್ಲಿ ಒಂದು ಸಾಲು ಸೇರಿಸಿ.

ಬಹಳ ಜನ ಎಡವೋದು ಇಲ್ಲಿ: ಟೆಸ್ಟ್‌ನಲ್ಲಿ ಓಕೆ ಬಟನ್ ಕಾಣುತ್ತೆ, ಡೆಸ್ಕ್‌ಟಾಪ್‌ನಲ್ಲಿ ಕೆಲಸ ಮಾಡಲ್ಲ. ಕರ್ನಲ್‌ನಲ್ಲಿ ಓಕೆ ಕೀ ನಂಬರ್ 352. ಎಕ್ಸ್11 ಗೆ 255ರ ಮೇಲಿನ ಕೀಗಳು ಗೊತ್ತೇ ಆಗಲ್ಲ. ಓಕೆಗೆ ಎಂಟರ್ ಕೀ ಕೊಡಿ, ಸರಿಹೋಗುತ್ತೆ.

ಕೊನೇ ಮಾತು: ಪವರ್ ಬಟನ್ ಖಾಲಿ ಬಿಡಿ. ಪೈ ಒಮ್ಮೆ ಶಟ್‌ಡೌನ್ ಆದ್ರೆ ಅದೇ ರಿಮೋಟ್‌ನಿಂದ ಮತ್ತೆ ಆನ್ ಆಗಲ್ಲ. ಮಧ್ಯಾಹ್ನದ ಧಾರಾವಾಹಿ ಹೊತ್ತಿಗೆ ಮೀಟಿಂಗ್‌ನಲ್ಲಿರೋ ನಿಮಗೆ ಫೋನ್ ಬರುತ್ತೆ.