ಹಾಲು ಮಾರಿದ ತಾಯಂದಿರು

‘ಆಯಾ’ ಎಂಬ ಮಾತನ್ನು ನಾವೆಲ್ಲರೂ ಬಲ್ಲೆವು. ಅದು ಪೋರ್ತುಗೀಜರಿಂದ ಬಂದದ್ದು. ಅವರಿಂದಲೇ ಬಂದ ಇನ್ನೊಂದು ಮಾತು ‘ಆಮಾ’. ಬ್ರಿಟಿಷರ ಕಾಲದಲ್ಲಿ ಮದರಾಸು, ಮುಂಬಯಿ ಪ್ರಾಂತಗಳ ಬಂಗಲೆಗಳಲ್ಲಿ ದೊರೆಸಾನಿಯ ಕೂಸಿಗೆ ಮೊಲೆಹಾಲೂಡಿಸಲು ಇಟ್ಟುಕೊಂಡ ಹೆಂಗಸನ್ನು ಹೀಗೆ ಕರೆಯುತ್ತಿದ್ದರು. ನಮ್ಮ ಅಹಮದಾಬಾದೂ ಆಗ ಮುಂಬಯಿ ಪ್ರಾಂತಕ್ಕೇ ಸೇರಿತ್ತು. ಸಂಸ್ಕೃತದಲ್ಲಿ ಇಂಥವಳು ‘ಧಾತ್ರಿ’. ಭೂಮಿಗೂ ಅದೇ ಹೆಸರು. ಹೆಸರು ದೊಡ್ಡದು, ಬದುಕು ಮಾತ್ರ ದೊಡ್ಡದಾಗಿರಲಿಲ್ಲ. ವಿಕ್ಟೋರಿಯಾ ರಾಣಿಯ ಕಾಲದ (1837–1901) ಇಂಗ್ಲೆಂಡಿನ ದಾದಿಯರ ಸಂಗತಿಯಿಂದ ಇದನ್ನು ತಿಳಿಯಬಹುದು.

ಆಗ ಬಾಣಂತಿ ತೀರಿಕೊಂಡರೆ ಅಥವಾ ಅವಳಿಗೆ ಹಾಲು ಸಾಲದಿದ್ದರೆ ಕೂಸನ್ನು ಉಳಿಸುವುದು ಕಷ್ಟವಾಗಿತ್ತು. ಸೀಸೆಯ ಹಾಲನ್ನು ಕ್ರಿಮಿಯಿಲ್ಲದಂತೆ ಶುದ್ಧಗೊಳಿಸುವ ವಿಧಾನ ಇನ್ನೂ ಬಳಕೆಗೆ ಬಂದಿರಲಿಲ್ಲ. ಆದುದರಿಂದ ಸಿರಿವಂತರು ಬಡ ಬಾಣಂತಿಯೊಬ್ಬಳನ್ನು ಸಂಬಳಕ್ಕೆ ಹಿಡಿಯುತ್ತಿದ್ದರು. ವೈದ್ಯನು ಅವಳ ಮೈಯನ್ನೂ ಹಾಲನ್ನೂ ಪರೀಕ್ಷಿಸುತ್ತಿದ್ದನು. ಮನೆಯ ಇತರ ಆಳುಗಳಿಗಿಂತ ಅವಳಿಗೆ ಒಳ್ಳೆಯ ಊಟವಿತ್ತು. ಆದರೆ ಯಜಮಾನರ ಮನೆಯಲ್ಲೇ ಇರಬೇಕು; ತನ್ನವರನ್ನು ನೋಡಲು ಮನಬಂದಂತೆ ಹೋಗುವ ಹಾಗಿರಲಿಲ್ಲ.

ಇಲ್ಲಿ ವಾಚಕರು ಒಂದು ಮಾತನ್ನು ಗಮನಿಸಬೇಕು. ಹೆರದವಳಿಗೆ ಹಾಲಿಲ್ಲ. ದಾದಿಯೆಂದರೆ ಅವಳಿಗೂ ಒಂದು ಎಳೆಗೂಸು ಇರಲೇಬೇಕು, ಇಲ್ಲವೆ ಇದ್ದು ಸತ್ತಿರಬೇಕು. ಆ ಕೂಸನ್ನು ಅವಳು ಅಜ್ಜಿಯ ಬಳಿಯಲ್ಲೋ, ಹಣಕ್ಕೆ ಮಕ್ಕಳನ್ನು ಸಾಕುವ ಹೆಂಗಸಿನ ಬಳಿಯಲ್ಲೋ ಬಿಟ್ಟು ಬರುತ್ತಿದ್ದಳು. ಅಲ್ಲಿ ಅದಕ್ಕೆ ನೀರಾದ ಗಂಜಿ. ಅತ್ತರೆ ಅಫೀಮು ಬೆರೆಸಿದ ಔಷಧ. ಅನೇಕ ಕೂಸುಗಳು ಉಳಿಯುತ್ತಿರಲಿಲ್ಲ.

ಮದುವೆಯಾಗದೆ ತಾಯಾದವಳಿಗೆ ಈ ಕೆಲಸ ಕೊಟ್ಟರೆ ಅವಳು ಬೀದಿಪಾಲಾಗುವುದು ತಪ್ಪುತ್ತದೆಂದು ಡಾ. ವಿಲಿಯಂ ಆಕ್ಟನ್ 1859ರಲ್ಲಿ ವಾದಿಸಿದರು. ಅವಳ ಕೂಸಿನ ಗತಿಯೇನೆಂದು ಇತರರು ಕೇಳಿದರು. ಸಾಕಲು ಪಡೆದ ಕೂಸನ್ನು ಕೊಂದ ಅಪರಾಧಕ್ಕಾಗಿ 1870ರಲ್ಲಿ ಮಾರ್ಗರೆಟ್ ವಾಟರ್ಸ್ ಎಂಬವಳಿಗೆ ಗಲ್ಲಾಯಿತು. 1872ರಲ್ಲಿ, ಹಣಕ್ಕೆ ಶಿಶುಗಳನ್ನು ಸಾಕುವವರು ಹೆಸರು ನೋಂದಾಯಿಸಬೇಕೆಂಬ ಕಾಯಿದೆ ಬಂತು. ಜಾರ್ಜ್ ಮೂರ್ ಅವರ ‘ಎಸ್ತರ್ ವಾಟರ್ಸ್’ (1894) ಕಾದಂಬರಿಯಲ್ಲಿ ದಾದಿಯು, ತನಗಿಂತ ಮುಂಚೆ ಆ ಮನೆಯಲ್ಲಿದ್ದ ಇಬ್ಬರು ದಾದಿಯರ ಕೂಸುಗಳೂ ಸತ್ತುವೆಂದು ತಿಳಿದು, ಕೆಲಸವನ್ನೇ ಬಿಟ್ಟು ತನ್ನ ಮಗುವಿನತ್ತ ಓಡುತ್ತಾಳೆ.

ಇದು ದೂರದ ಕಥೆಯಲ್ಲ. ಅದೇ ಕಾಲದಲ್ಲಿ, 1861ರಲ್ಲಿ, ರಣಛೋಡಲಾಲ್ ಛೋಟಾಲಾಲ್ ಅವರ ಗಿರಣಿ ಈ ಊರಿನಲ್ಲಿ ಮೊದಲಾಯಿತು. 1891ರ ಕಾಯಿದೆಯ ಪ್ರಕಾರವೂ ಹೆಂಗಸರಿಗೆ ದಿನಕ್ಕೆ 11 ಗಂಟೆ ದುಡಿತ. ಇವರು ಹಾಲನ್ನಲ್ಲ, ತೋಳಿನ ಬಲವನ್ನು ಮಾರಿದರು. ಆದರೆ ಅದರ ಬೆಲೆ ತೆತ್ತದ್ದು ಮತ್ತೆ ಕೂಸೇ. ತಾಯಿ ಗಿರಣಿಯಿಂದ ಬರುವ ತನಕ ಮಲಗಿರಲೆಂದು ಅದಕ್ಕೆ ಅಫೀಮಿನ ‘ಬಾಲಗೋಳಿ’ ತಿನ್ನಿಸುತ್ತಿದ್ದರು. ಗಿರಣಿ ಮಾಲೀಕರ ಮನೆತನದವರೇ ಆದ ಅನಸೂಯಾಬೆನ್ ಸಾರಾಭಾಯಿ (1885–1972) ಇಂಥ ತಾಯಂದಿರ ಮಕ್ಕಳಿಗಾಗಿ ಶಿಶುಗೃಹ ತೆರೆದರು. ಮುಂಬಯಿ ಪ್ರಾಂತದಲ್ಲಿ 1929ರಲ್ಲಿ ಹೆರಿಗೆ ಸೌಲಭ್ಯದ ಕಾಯಿದೆಯಾಯಿತು. 1961ರ ಕೇಂದ್ರ ಕಾಯಿದೆಯು, ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಾರಿ ಹಾಲೂಡಿಸುವ ಬಿಡುವು ಕೊಟ್ಟಿತು. 2017ರಲ್ಲಿ ಹೆರಿಗೆ ರಜೆ 26 ವಾರಗಳಿಗೇರಿತು. 50 ಮಂದಿ ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಗೃಹ ಕಡ್ಡಾಯವಾಯಿತು.

ಹಾಲನ್ನು ಹಂಚಿಕೊಳ್ಳುವುದೇನೂ ತಪ್ಪಲ್ಲ. ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ 1989ರಲ್ಲಿ ತಾಯಿಹಾಲಿನ ಬ್ಯಾಂಕು ತೆರೆದರು. ಅಲ್ಲಿ ತಾಯಿ ತನ್ನ ಕೂಸಿಗೆ ಕುಡಿಸಿ ಮಿಕ್ಕದ್ದನ್ನು ದಾನ ಮಾಡುತ್ತಾಳೆ. ದಾದಿಯ ಪಾಲಿಗೆ ಈ ಕ್ರಮವೇ ತಲೆಕೆಳಗಾಗಿತ್ತು.

ಕಾಯಿದೆಯ ಶಿಶುಗೃಹ ಮನೆಗೆಲಸದವಳ ಬಾಗಿಲಿಗೆ ಬರಲಿಲ್ಲ. ನವರಂಗಪುರದ ಮನೆಗಳಲ್ಲಿ ಬೇರೆಯವರ ಮಗುವನ್ನು ಎತ್ತಿ ಆಡಿಸುವ ಸೋದರಿಯರಲ್ಲಿ ನಮ್ಮ ಊರುಗಳಿಂದ ಬಂದವರೂ ಇರಬಹುದು. ಅಂಥವಳನ್ನು ಕಂಡಾಗ, ಅವಳ ಕೂಸನ್ನು ಈಗ ಯಾರು ನೋಡಿಕೊಳ್ಳುತ್ತಿದ್ದಾರೆಂದು ನಾವು ಕೇಳೋಣ. ಕೇಳಿ ಸುಮ್ಮನಾಗದೆ, ಕೈಲಾದುದನ್ನು ಮಾಡೋಣ.