ಜರಡಿ ಕಾಣದ ಹೊಯ್ಗೆ

ಬೆಳ್ತಂಗಡಿ ಪೇಟೆಗೆ ತಾಗಿಕೊಂಡ ಲಾಯಿಲದಲ್ಲಿ ಮನೆ ಕಟ್ಟುವವರ ಅಂಗಳಕ್ಕೆ ಈಗ ಹೊಳೆಯ ಹೊಯ್ಗೆಯಷ್ಟೇ ಅಲ್ಲ, ಕ್ರಷರ್‌ನಲ್ಲಿ ಕಲ್ಲು ಒಡೆದು ಮಾಡಿದ ಎಂ-ಸ್ಯಾಂಡ್ ಕೂಡ ಬರುತ್ತದೆ. ಎರಡನ್ನೂ ಅಳೆಯುವುದು ಒಂದೇ ಜರಡಿ. 4.75 ಮಿ.ಮೀ. ಕಣ್ಣಿನಿಂದ 150 ಮೈಕ್ರಾನ್‌ವರೆಗೆ ಎಲ್ಲೆಲ್ಲಿ ಎಷ್ಟು ಉಳಿಯಿತೆಂದು ತೂಗುತ್ತಾರೆ. ಆದರೆ ಉದ್ದನೆಯ ಚೂರು ನೆಟ್ಟಗೆ ನಿಂತರೆ ಸಣ್ಣ ಕಣ್ಣಿನಿಂದಲೂ ಇಳಿದುಹೋಗುತ್ತದೆ. ನೇತ್ರಾವತಿಯಲ್ಲಿ ಉರುಳಿ ಮೂಲೆ ಸವೆದ ಕಾಳೂ, ಒಡೆದು ಚೂಪಾದ ಚಕ್ಕೆಯೂ ಜರಡಿಯ ಲೆಕ್ಕದಲ್ಲಿ ಒಂದೇ. ಗಾರೆಯಲ್ಲಿ ಮಾತ್ರ ಬೇರೆ. ಚಕ್ಕೆಗಳು ಒಂದಕ್ಕೊಂದು ಸಿಕ್ಕಿಕೊಂಡು ಕಲಸು ಬಿಗಿಯಾದರೆ ಮೇಸ್ತ್ರಿ ಇನ್ನಷ್ಟು ನೀರು ಸುರಿಯುತ್ತಾರೆ. ಸಿಮೆಂಟ್ ಹೆಚ್ಚಿಸದೆ ನೀರು ಹೆಚ್ಚಿಸಿದರೆ ಕಾಂಕ್ರೀಟಿನ ಬಲ ಕುಗ್ಗುತ್ತದೆ. ಜಲ್ಲಿಯ ಚಪ್ಪಟೆತನ ಅಳೆಯಲು ಭಾರತೀಯ ಮಾನದಂಡದಲ್ಲಿ 1963ರಿಂದಲೇ ಗೇಜ್ ಉಂಟು. ಹೊಯ್ಗೆಯ ಕಾಳು ಅದಕ್ಕೆ ಸಿಗದಷ್ಟು ಸಣ್ಣದು. ಹಾಗೆಂದು ಅದರ ಆಕಾರವನ್ನು ಅಳೆಯದೆ ಬಿಡುವುದು ಸರಿಯಲ್ಲ.

ಸೂಕ್ಷ್ಮದರ್ಶಕದ ಫೋಟೋ ಸಾಲದೇ ಎಂದು ಕೇಳಬಹುದು. ಸಾಲದು: ಗಾಜಿನ ಮೇಲೆ ಉದುರಿಸಿದ ಚಕ್ಕೆ ಅಗಲದ ಮೈ ಕೆಳಗೆ ಮಾಡಿ ಮಲಗುತ್ತದೆ, ಬೇಕಾದ ದಪ್ಪವೇ ಮರೆಯಾಗುತ್ತದೆ. ಆ ದಪ್ಪ ಕಾಣಲು ಸಿಟಿ ಸ್ಕ್ಯಾನ್ ಬೇಕು. ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಸಿಟಿ ಯಂತ್ರ 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಮಿದುಳನ್ನು ಚಿತ್ರಿಸಿತು. ಹೊಯ್ಗೆಗೂ ಅದೇ ಉಪಾಯ. ಆಸ್ಪತ್ರೆಯಲ್ಲಿ ಯಂತ್ರ ರೋಗಿಯ ಸುತ್ತ ತಿರುಗಿದರೆ, ಇಲ್ಲಿ ಹೊಯ್ಗೆ ತುಂಬಿದ ಸಣ್ಣ ಕೊಳವೆಯೇ ತಿರುಗುತ್ತದೆ. ನೂರಾರು ಕೋನಗಳಿಂದ ಹಿಡಿದ ಎಕ್ಸ್-ರೇ ನೆರಳುಗಳನ್ನು ಕಂಪ್ಯೂಟರ್ ಸೇರಿಸಿ ಘನಚಿತ್ರ ಕಟ್ಟುತ್ತದೆ. ಆಗ ಪ್ರತಿ ಕಾಳಿನ ಉದ್ದ, ಅಗಲ, ದಪ್ಪ, ಮೂಲೆಯ ಚೂಪು, ಒಡಲೊಳಗಿನ ಬಿರುಕು ಕೂಡ ಸಿಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಮಾಧವಿ ಲತಾ ಅವರ ತಂಡ ಮರಳಿನ ಅಧ್ಯಯನಕ್ಕೆ ಈ ವಿಧಾನವನ್ನು ಬಳಸಿದೆ.

ಹೊಯ್ಗೆಗೆ ಇಷ್ಟು ದುಬಾರಿ ಯಂತ್ರವೇ? ಪ್ರತಿ ಲೋಡಿಗೆ ಖಂಡಿತ ಬೇಡ. ಒಂದು ಕ್ವಾರಿಯ ಕಲ್ಲಿಗೆ ಒಮ್ಮೆ ಸ್ಕ್ಯಾನ್ ಮಾಡಿ, ಅದೇ ಹೊಯ್ಗೆ ಆಲಿಕೆಯಿಂದ ಎಷ್ಟು ಬೇಗ ಇಳಿಯುತ್ತದೆಂದು ತಾಳೆ ನೋಡಿಟ್ಟರೆ, ಮುಂದಿನ ದಿನಗಳಲ್ಲಿ ಆಲಿಕೆಯೇ ಬಹುಮಟ್ಟಿಗೆ ಸಾಕು. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಚಿತ್ರ ಸೂಕ್ಷ್ಮವಾದಷ್ಟೂ ಮಾದರಿ ಚಿಕ್ಕದಾಗಬೇಕು; ಚಿಟಿಕೆ ಹೊಯ್ಗೆ ಇಡೀ ಲಾರಿಯ ಪರವಾಗಿ ಮಾತಾಡೀತೇ? ರಾಶಿಯನ್ನು ಮತ್ತೆ ಮತ್ತೆ ನಾಲ್ಕು ಪಾಲು ಮಾಡಿ ತೆಗೆದ ಚಿಟಿಕೆಯಾದರೆ ಆಕಾರದ ಮಟ್ಟಿಗೆ ಮಾತಾಡೀತು. ಆದರೆ ತೀರಾ ನಯವಾದ ಕಲ್ಲುಪುಡಿ ಈ ಚಿತ್ರದಲ್ಲಿ ಮೂಡುವುದಿಲ್ಲ, ಅಂಟಿಕೊಂಡ ಎರಡು ಕಾಳನ್ನು ಕಂಪ್ಯೂಟರ್ ಒಂದೆಂದು ಎಣಿಸುವುದೂ ಉಂಟು. ಪುಡಿಯ ಲೆಕ್ಕಕ್ಕೆ ಈಗಲೂ ಹೊಯ್ಗೆಯನ್ನು ತೊಳೆದು, ಒಣಗಿಸಿ, ತೂಗಿಯೇ ನೋಡಬೇಕು.