ಸುರಪುರದಿಂದ ಹೋದ ಟಪಾಲು

ರಾಜಾ ಕೃಷ್ಣಪ್ಪ ನಾಯಕ 1841ರಲ್ಲಿ ತೀರಿಕೊಂಡಾಗ ಸುರಪುರದ ಗಾದಿಗೆ ವಾರಸುದಾರನಾಗಿದ್ದ ವೆಂಕಟಪ್ಪ ಇನ್ನೂ ಚಿಕ್ಕ ಹುಡುಗ. ಕಾರುಬಾರು ತನ್ನ ಕೈಯಲ್ಲೇ ಇರಬೇಕೆಂದು ರಾಣಿ ಈಶ್ವರಮ್ಮ, ತನಗೆ ಬೇಕೆಂದು ಮೈದುನ ಪಿಡ್ಡ ನಾಯಕ. ಸಾಲದ್ದಕ್ಕೆ ಸಂಸ್ಥಾನದ ತಲೆಯ ಮೇಲೆ ನಿಜಾಮರ ಬಾಕಿ. ಈ ಗೋಜಲು ಬಿಡಿಸಲು ಹೈದರಾಬಾದಿನ ರೆಸಿಡೆಂಟ್ ಜನರಲ್ ಫ್ರೇಜರ್ ಕಳಿಸಿದ್ದು ನಿಜಾಮರ ಸೈನ್ಯದಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್‌ನನ್ನು. ಹದಿನೈದರ ಪ್ರಾಯದಲ್ಲಿ ಮುಂಬಯಿಗೆ ಬಂದಿಳಿದಿದ್ದ ಆತ, ಅಷ್ಟೊತ್ತಿಗೆ ಠಕ್ಕನೊಬ್ಬನ ತಪ್ಪೊಪ್ಪಿಗೆಯ ಕಾದಂಬರಿ ಬರೆದು ಲಂಡನ್ನಿನಲ್ಲಿ ಹೆಸರು ಮಾಡಿದ್ದ. 1853ರವರೆಗೆ ಸುರಪುರದಲ್ಲೇ ಉಳಿದ. ಉಳಿದಷ್ಟೂ ಕಾಲ ಪತ್ರ ಬರೆದ.

ಆತನ ಪತ್ರಗಳು ಮೂರು ದಿಕ್ಕಿಗೆ ಹೋಗುತ್ತಿದ್ದವು. ಒಂದು, ಹೈದರಾಬಾದಿನ ರೆಸಿಡೆನ್ಸಿಗೆ ಸರ್ಕಾರಿ ವರದಿ. ಎರಡು, ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ. 1840ರಿಂದ 1853ರವರೆಗೆ ಆತ ಅದರ ಬಾತ್ಮೀದಾರ. ಬೇಡ ನಾಯಕರ ಬೆಟ್ಟದೂರಿನಲ್ಲಿ ಕೂತವನು ಹಿಂದುಸ್ತಾನದ ಸುದ್ದಿಯನ್ನು ಇಂಗ್ಲೆಂಡಿಗೆ ಮುಟ್ಟಿಸುತ್ತಿದ್ದ ಎಂಬುದು ನಮ್ಮ ಜಿಲ್ಲೆಯಲ್ಲೇ ಎಷ್ಟು ಜನರಿಗೆ ಗೊತ್ತೋ! ಮೂರನೆಯದು, ಸಂಬಂಧದಲ್ಲಿ ಸಹೋದರನಾದ ಹೆನ್ರಿ ರೀವ್‌ಗೆ ಬರೆದ ಖಾಸಗಿ ಕಾಗದ. ರೀವ್ ಸಾಮಾನ್ಯನಲ್ಲ: 'ಟೈಮ್ಸ್'ಗೆ ಸಂಪಾದಕೀಯ ಬರೆಯುತ್ತಿದ್ದವನು, ಮುಂದೆ 'ಎಡಿನ್‌ಬರ್ಗ್ ರಿವ್ಯೂ' ಸಂಪಾದಕನಾದವನು, ಅಮೆರಿಕದ ಪ್ರಜಾಪ್ರಭುತ್ವದ ಬಗ್ಗೆ ಟಾಕ್‌ವಿಲ್ ಫ್ರೆಂಚಿನಲ್ಲಿ ಬರೆದ ಮಹಾಗ್ರಂಥವನ್ನು ಇಂಗ್ಲಿಷಿಗೆ ತಂದವನು.

ಅಮೆರಿಕದ ಮಾತು ಬಂತಲ್ಲ, ಅಲ್ಲಿನ ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್ಸನ್ ಪತ್ರ ಬರೆಯುವಾಗಲೇ ಇನ್ನೊಂದು ಲೇಖನಿ ಪಕ್ಕದ ಹಾಳೆಯ ಮೇಲೆ ನಕಲು ಇಳಿಸುವಂಥ ಯಂತ್ರ ಇಟ್ಟುಕೊಂಡಿದ್ದ. ಪ್ರಿನ್ಸ್‌ಟನ್ನಿನವರು 1950ರಿಂದ ಆತನ ಪತ್ರಗಳನ್ನು ಸಂಪುಟ ಸಂಪುಟವಾಗಿ ಅಚ್ಚು ಹಾಕುತ್ತಿದ್ದಾರೆ. ಆತ ಬರೆದದ್ದಷ್ಟೇ ಅಲ್ಲ, ಆತನಿಗೆ ಬಂದದ್ದೂ ಅದರಲ್ಲಿದೆ. ಜಾನ್ ಆಡಮ್ಸ್ ಕೇಳಿದ್ದೇನು, ಜೆಫರ್ಸನ್ ಹೇಳಿದ್ದೇನು ಎಂದು ಎರಡೂ ಕಡೆಯಿಂದ ಓದಬಹುದು. ಸುರಪುರಕ್ಕೆ ಆ ಭಾಗ್ಯವಿಲ್ಲ. ವೆಂಕಟಪ್ಪ ನಾಯಕನ ಮಾತು ನಮಗೆ ಕೇಳಿಸುವುದು ಬಹುಮಟ್ಟಿಗೆ ಟೇಲರ್‌ನ ಬಾಯಿಂದ, ಇಲ್ಲವೇ ಮುಂದೆ ರಾಜನನ್ನು ವಿಚಾರಣೆಗೆ ನಿಲ್ಲಿಸಿದವರ ದಫ್ತರದಿಂದ. ಈ ಪತ್ರಗಳನ್ನು ಕೈಗೆತ್ತಿಕೊಳ್ಳುವವರು ಇದನ್ನು ಮರೆಯಬಾರದು.

ಸರ್ಕಾರಿ ಪತ್ರದ ಟೇಲರ್ ಲೆಕ್ಕದ ಮನುಷ್ಯ: ಬಾಕಿ, ಕಂದಾಯ, ರಸ್ತೆ, ಕೆರೆ. ಇವತ್ತು ಪಕ್ಷಿಧಾಮವೆಂದು ಹೆಸರಾಗಿರುವ ಬೋನಾಳ ಕೆರೆಯನ್ನು ದೊಡ್ಡದು ಮಾಡಿಸಿದವನು ಆತನೇ. ಬಿಡುವಿದ್ದಾಗ ಕಲ್ಲು ಹುಡುಕುತ್ತ ತಿರುಗಿದ. ಶಹಾಪುರದ ಹತ್ತಿರದ ವಿಭೂತಿಹಳ್ಳಿಯಲ್ಲಿ ದೊಡ್ಡ ದೊಡ್ಡ ಗುಂಡುಗಳನ್ನು ಸಾಲು ಹಿಡಿದು, ಸಮ ಅಂತರದಲ್ಲಿ ಇಟ್ಟಿದ್ದಾರಲ್ಲ, ಅದನ್ನೂ ರಾಜನಕೋಳೂರಿನ ಕಲ್ಲುಮನೆಗಳನ್ನೂ ವಿದ್ವಾಂಸರ ಗಮನಕ್ಕೆ ತಂದದ್ದು ಆತನ ಬರಹ. ಮೊದಲು ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ, ಆಮೇಲೆ ಐರ್ಲೆಂಡಿನ ರಾಯಲ್ ಅಕಾಡೆಮಿಯ ಸಂಪುಟದಲ್ಲಿ ಅವು ಅಚ್ಚಾದವು. ಊರಿನವರು ದಿನವೂ ದನ ಹೊಡೆದುಕೊಂಡು ಹಾಯುತ್ತಿದ್ದ ಹೊಲದ ಕಲ್ಲುಗಳು ಹಾಗೆ ಡಬ್ಲಿನ್ ಮುಟ್ಟಿದವು.

ಖಾಸಗಿ ಪತ್ರದ ಟೇಲರ್ ಬೇರೆ. ಹೆಂಡತಿ ಮೇರಿ ಪಾಮರ್ ತೀರಿಹೋಗಿದ್ದಳು. ಸುತ್ತ ಇಂಗ್ಲಿಷ್ ಮಾತಾಡುವವರಿಲ್ಲ. ಹುಡುಗ ರಾಜ ಆತನನ್ನು 'ಅಪ್ಪಾ' ಎಂದು ಕರೆಯುತ್ತಿದ್ದ. ಕರೆಸಿಕೊಂಡವನಿಗೆ ಅದು ಬರೀ ಉಪಚಾರವಾಗಿರಲಿಲ್ಲ ಎಂದು ನನ್ನ ಅಂದಾಜು. ಹಾಗೆಂದು ಆತ ಕಂಪನಿಯ ಪರ ಅಲ್ಲವೇ ಅಲ್ಲ ಎಂದೇನೂ ಭಾವಿಸಬೇಕಿಲ್ಲ. ರಾಣಿಯ ಮೇಲೆ ಆತ ಬರೆದಿರುವುದರಲ್ಲಿ ಆಗಿನ ಸಾಹೇಬರ ತಿರಸ್ಕಾರ ಧಾರಾಳವಾಗಿದೆ. ಆ ತಾಯಿಗೆ ತನ್ನ ಕಡೆಯ ಮಾತು ಹೇಳಿಕೊಳ್ಳಲು ಲಂಡನ್ನಿನಲ್ಲಿ ರೀವ್ ಇರಲಿಲ್ಲ.

1853ರಲ್ಲಿ ಸಂಸ್ಥಾನವನ್ನು ಪ್ರಾಯಕ್ಕೆ ಬಂದ ರಾಜನಿಗೆ ಒಪ್ಪಿಸಿ ಟೇಲರ್ ನಳದುರ್ಗಕ್ಕೆ ಹೋದ. 1857ರ ದಂಗೆ ಎದ್ದಾಗ ಆತನನ್ನು ವರ್ಹಾಡಕ್ಕೆ ಓಡಿಸಿದರು. ಆಗ ರೆಸಿಡೆಂಟ್ ಡೇವಿಡ್‌ಸನ್ ಬರೆದ ಚೀಟಿ ಎರಡು ಮಾತಿನದು: ಕೊಡಲು ಸೈನ್ಯವಿಲ್ಲ, ಕಣ್ಣರೆಪ್ಪೆಯಿಂದಲಾದರೂ ಹಿಡಿದುಕೊಂಡು ನೇತಾಡು ಎಂಬರ್ಥದ್ದು. ಆ ವರ್ಷ ರೀವ್‌ಗೆ ಬರೆದ ಕಾಗದಗಳು ಕೂಡಲೇ ಲಂಡನ್ನಿನಲ್ಲಿ ಪುಟ್ಟ ಪುಸ್ತಕವಾಗಿ ಬಂದವು.

1858ರ ಫೆಬ್ರವರಿಯಲ್ಲಿ ಸುರಪುರವೇ ಎದ್ದಿತು. ಇಂಗ್ಲಿಷರ ಕಡೆಯ ಕ್ಯಾಪ್ಟನ್ ನ್ಯೂಬೆರಿ ಸತ್ತ. ದಂಡು ಕೂಡಿಬರುವುದರೊಳಗೆ ವೆಂಕಟಪ್ಪ ನಾಯಕ ಹೈದರಾಬಾದಿಗೆ ಹೋದ. ಅಲ್ಲಿ ನಿಜಾಮರ ದಿವಾನ ಸಾಲಾರ್ ಜಂಗ್ ಹಿಡಿದುಕೊಟ್ಟ. ಸೆರೆಯಲ್ಲಿದ್ದ ರಾಜನನ್ನು ನೋಡಲು ಟೇಲರ್ ಹೋದದ್ದನ್ನು ಆತನೇ ಬರೆದಿದ್ದಾನೆ. ಜೊತೆಗಾರರ ಹೆಸರು ಹೇಳೆಂದರೆ ರಾಜ ಹೇಳಲಿಲ್ಲ. ಕಳ್ಳನಂತೆ ನೇಣು ಹಾಕಬೇಡಿ, ತೋಪಿನ ಬಾಯಿಗೆ ಕಟ್ಟಿ ಹಾರಿಸಿ ಎಂದ. ಮರಣದಂಡನೆ ಮೊದಲು ಗಡಿಪಾರಾಗಿ, ಆಮೇಲೆ ಗವರ್ನರ್ ಜನರಲ್‌ನ ಅಪ್ಪಣೆಯಿಂದ ಮದರಾಸಿನ ಕಡೆ ನಾಲ್ಕು ವರ್ಷದ ಸೆರೆಯಾಗಿ ಇಳಿಯಿತು. ಅಲ್ಲಿಗೆ ಒಯ್ಯುವ ದಾರಿಯಲ್ಲೇ ಗುಂಡು ಹಾರಿ ರಾಜ ಸತ್ತ. ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ತಾನೇ ಹೊಡೆದುಕೊಂಡ ಎಂಬುದು ಟೇಲರ್ ಕೊಡುವ ವಿವರ. ಇದನ್ನು ಒಪ್ಪದವರು ಸುರಪುರದ ಕಡೆ ಇದ್ದಾರೆ.

ಇಪ್ಪತ್ನಾಲ್ಕನೆಯ ವಯಸ್ಸಿಗೆ ಸಾವು ಎಂದು ಹುಡುಗನ ಜಾತಕದಲ್ಲಿ ಮೊದಲೇ ಇತ್ತು, ರಾಣಿಯ ಕಡೆಯವರು ಅದನ್ನು ತನಗೆ ಗುಟ್ಟಾಗಿ ತಿಳಿಸಿದ್ದರು ಎಂದೂ ಟೇಲರ್ ಬರೆಯುತ್ತಾನೆ. ಇಲ್ಲಿ ಕಾದಂಬರಿಕಾರ ಇಣುಕುತ್ತಾನೆ. ಮುಪ್ಪಿನಲ್ಲಿ ಬರೆಸಿದ ಆತ್ಮಕಥೆಯನ್ನು ಅಷ್ಟು ಎಚ್ಚರದಿಂದಲೇ ಓದಬೇಕು. ಆಯಾ ದಿನ ಬರೆದ ಪತ್ರ ಎದುರಿಗಿದ್ದರೆ ಈ ಎಚ್ಚರಕ್ಕೊಂದು ಆಧಾರ ಸಿಗುತ್ತದೆ.

ಆಸಕ್ತರು ಶುರು ಮಾಡಬೇಕಾದದ್ದು ಮಗಳು ಆಲಿಸ್ 1877ರಲ್ಲಿ ಹೊರತಂದ, ರೀವ್‌ನ ಮುನ್ನುಡಿಯಿರುವ ಆತ್ಮಕಥೆಯಿಂದ. ಆಮೇಲೆ ಪ್ಯಾಟ್ರಿಕ್ ಕ್ಯಾಡೆಲ್ ಸಂಪಾದಿಸಿ 1947ರಲ್ಲಿ ಆಕ್ಸ್‌ಫರ್ಡ್ ಪ್ರಕಟಿಸಿದ, ರೀವ್‌ಗೆ ಬರೆದ ಪತ್ರಗಳ ಸಂಪುಟ. ಮೇಲಧಿಕಾರಿಯ ಕಡೆಯದು ಬೇಕಾದರೆ 1885ರಲ್ಲಿ ಮಗ ಪ್ರಕಟಿಸಿದ ಫ್ರೇಜರನ ಜೀವನ ಮತ್ತು ಪತ್ರವ್ಯವಹಾರ ಇದೆ. ರೆಸಿಡೆನ್ಸಿಯ ಮೂಲ ಕಡತಗಳು ದಿಲ್ಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಅಲ್ಲಿ ಹುಡುಕುವವರು ಸುರಪುರ ಎಂದು ಕೇಳಿದರೆ ಸಾಲದು, ಆಗಿನ ಇಂಗ್ಲಿಷ್ ಬರಹದಲ್ಲಿದ್ದಂತೆ ಶೋರಾಪುರ ಎಂದೂ ಕೇಳಬೇಕು. ದಿಲ್ಲಿಗೆ ಹೋಗಲಾಗದವರಿಗೆ ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಇದೆ; ಶಹಾಪುರದ ಮೇಲೆ ಹಾದು ಬಂದರೆ ವಿಭೂತಿಹಳ್ಳಿಯ ಕಲ್ಲುಗಳನ್ನೂ ನೋಡಿಕೊಂಡೇ ಬರಬಹುದು.